ಕೆರೆಯ ಅಂಚು, ಕಂದಾಯದ ಗೆರೆ

ಬೆಂಗಳೂರಿನ ಯಾವುದೇ ಕೆರೆಯ ಪಕ್ಕ ನಿವೇಶನ ಕೊಂಡವರು ಕೆರೆ ಎಲ್ಲಿಗೆ ಮುಗಿಯುತ್ತದೆ ಎಂದು ಕೇಳಿದರೆ ಭೂಮಾಪಕರು ಹಳೆಯ ಗ್ರಾಮ ನಕಾಶೆ ಬಿಚ್ಚುತ್ತಾರೆ. ಕೆರೆಯ ಸರ್ವೆ ನಂಬರು, ಅದರ ಸುತ್ತಲಿನ ಗೆರೆ, ಆಕಾರ್‌ಬಂದ್ ಎಂಬ ಕಂದಾಯ ದಾಖಲೆಯಲ್ಲಿ ಬರೆದಿಟ್ಟ ಎಕರೆ ಗುಂಟೆ, ಇವೇ ಉತ್ತರವೆಂದು ಎಲ್ಲರೂ ಒಪ್ಪಿಕೊಂಡಿದ್ದೇವೆ. ಆದರೆ ಆ ಗೆರೆಯನ್ನು ಎಳೆದದ್ದು ಯಾವ ನೆಲ ಕಂದಾಯ ಕೊಡಬೇಕು, ಯಾವುದು ಕೊಡಬೇಕಿಲ್ಲ ಎಂದು ತೀರ್ಮಾನಿಸುವುದಕ್ಕೆ. ನೀರು ಎಲ್ಲಿಯವರೆಗೆ ಬರುತ್ತದೆ ಎಂಬ ಪ್ರಶ್ನೆಗೆ ಅದರಲ್ಲಿ ಅರ್ಧ ಉತ್ತರ ಮಾತ್ರ ಇದೆ. ಉಳಿದರ್ಧವನ್ನು ನೆಲದಲ್ಲೇ ಹುಡುಕಬೇಕು.

ಈ ಸೀಮೆಯ ಕೆರೆಗಳು ತಾವಾಗಿ ಹುಟ್ಟಿದವಲ್ಲ. ಕಣಿವೆಗೆ ಅಡ್ಡಲಾಗಿ ಏರಿ ಹಾಕಿ, ತೂಬು ಇಟ್ಟು, ಹೆಚ್ಚಾದ ನೀರು ಮುಂದಿನ ಕೆರೆಗೆ ಹೋಗಲು ಕೋಡಿ ಬಿಟ್ಟು ಕಟ್ಟಿದವು. ಏರಿಯ ಕಡೆ ಗಡಿ ಯಾವುದೆಂಬ ಗೊಂದಲವಿಲ್ಲ, ಏರಿಯೇ ಗಡಿ. ತಕರಾರೆಲ್ಲ ಎದುರು ಬದಿಯದು. ಅಲ್ಲಿ ನೆಲ ಅಷ್ಟಷ್ಟೇ ಏರುತ್ತ ಹೋಗುವುದರಿಂದ ನೀರು ಒಂದಡಿ ಮೇಲೆದ್ದರೆ ಬಹುದೂರ ಹರಡುತ್ತದೆ, ಒಂದಡಿ ಇಳಿದರೆ ಅಷ್ಟೇ ದೂರ ಹಿಂದೆ ಸರಿಯುತ್ತದೆ. ಹಾಗಾದರೆ ಯಾವ ವರ್ಷದ ಅಂಚನ್ನು ನಂಬಬೇಕು ಎಂಬ ಆಕ್ಷೇಪ ಬರುತ್ತದೆ. ಇದಕ್ಕೆ ಉತ್ತರ ಕೆರೆ ಕಟ್ಟಿದ ರೀತಿಯಲ್ಲೇ ಇದೆ. ಕೋಡಿಯ ಮಟ್ಟಕ್ಕಿಂತ ಮೇಲೆ ನೀರು ಬಹಳ ಹೊತ್ತು ನಿಲ್ಲುವುದಿಲ್ಲ. ಕೋಡಿಯ ಎತ್ತರ ಹಿಡಿದು ಮಟ್ಟ ನೋಡುತ್ತ ಸುತ್ತು ಬಂದರೆ ತುಂಬಿದ ಕೆರೆಯ ಅಂಚು ಸಿಗುತ್ತದೆ. ತೂಬು ತೆಗೆದು ನೀರು ಬಿಡುತ್ತಿದ್ದ ನೀರಗಂಟಿಗೆ ಇದು ನಕಾಶೆಯಿಲ್ಲದೆಯೂ ಗೊತ್ತಿತ್ತು. ದಾನಶಾಸನಗಳೂ ಭೂಮಿಯ ನಾಲ್ಕು ಎಲ್ಲೆ ಹೇಳುವಾಗ ಬಂಡೆ, ಹುತ್ತ, ಮರ, ಹಳ್ಳಗಳನ್ನೇ ಗುರುತಾಗಿ ಹಿಡಿದವು.

ಮೈಸೂರು ಬ್ರಿಟಿಷ್ ಕಮಿಷನರ್ ಆಳ್ವಿಕೆಯಲ್ಲಿದ್ದಾಗ, 1863ರ ಸುಮಾರಿಗೆ, ಮುಂಬಯಿ ಪ್ರಾಂತದ ಮಾದರಿಯಲ್ಲಿ ಕಂದಾಯ ಮೋಜಣಿ ಆರಂಭವಾಯಿತು. 33 ಅಡಿಯ ಸರಪಳಿ ಹಿಡಿದು ಹಳ್ಳಿ ಹಳ್ಳಿ ಅಳೆದರು. ಸರಪಳಿಯುದ್ದದ ಒಂದು ಚೌಕ ಗುಂಟೆ, 40 ಗುಂಟೆ ಎಕರೆ. ನೆಲವನ್ನು ಖುಷ್ಕಿ, ತರಿ, ಬಾಗಾಯ್ತು ಎಂದು ವಿಂಗಡಿಸಿ, ಬೆಳೆ ಬಾರದ್ದನ್ನೂ ಸಾರ್ವಜನಿಕರದ್ದನ್ನೂ ಖರಾಬಿಗೆ ಹಾಕಿದರು. ಹೊಲದ ನಡುವೆ ಹಾಯುವ ಹಳ್ಳ, ದಾರಿಗಳು ಮುಂದೆ ಬಿ ಖರಾಬು, ಅಂದರೆ ಸಾರ್ವಜನಿಕ ಖರಾಬು, ಎನಿಸಿಕೊಂಡವು. ಇದು ದೊಡ್ಡ ಕೆಲಸ, ನಿಷ್ಠೆಯಿಂದ ನಡೆದ ಕೆಲಸ. ಆ ನಕಾಶೆಗಳಿಲ್ಲದಿದ್ದರೆ ಇಂದು ಕೆರೆಯಿಂದ ಕೆರೆಗೆ ನೀರು ಒಯ್ಯುವ ಎಷ್ಟೋ ರಾಜಕಾಲುವೆಗಳು ಇದ್ದವೆಂಬುದನ್ನೇ ಸಾಬೀತು ಮಾಡಲಾಗುತ್ತಿರಲಿಲ್ಲ. ಆದರೆ ಅಳೆದವರ ಕಣ್ಣು ಬೆಳೆಯ ಮೇಲಿತ್ತು. ಮಳೆಗಾಲದಲ್ಲಿ ಜೌಗು ಹಿಡಿದು, ನೀರಿಳಿದ ಮೇಲೆ ಬೆಳೆ ಕೊಡುವ ನೆಲ ಅವರ ಲೆಕ್ಕದಲ್ಲಿ ಹೊಲವೇ. ಕಾಲುವೆಗೂ ಅದರ ಪಾತ್ರದ ಅಗಲವಷ್ಟೇ ಸಿಕ್ಕಿತು, ಉಕ್ಕಿದಾಗ ಅದು ಹರಡಿಕೊಳ್ಳುವ ಜಾಗ ಅಕ್ಕಪಕ್ಕದ ಸರ್ವೆ ನಂಬರುಗಳಿಗೆ ಸೇರಿತು. ಆ ಹೊಲಗಳೇ ಭೂಪರಿವರ್ತನೆಯಾಗಿ ಬಡಾವಣೆಗಳಾದವು.

ದಾಖಲೆ ನೋಡಿ, ಸಾಲ ಮಾಡಿ ಮನೆ ಕಟ್ಟಿಕೊಂಡವರ ಗತಿ ಏನು ಎಂಬುದು ಭಾರವಾದ ಪ್ರಶ್ನೆ. ಅವರ ಹಕ್ಕನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಹಕ್ಕಿನ ಗೆರೆ ಒಂದು, ನೀರಿನ ಗೆರೆ ಇನ್ನೊಂದು. ಎರಡನ್ನೂ ಒಂದೇ ನಕ್ಷೆಯಲ್ಲಿ ತೋರಿಸಿದ್ದರೆ ಕೊಳ್ಳುವವರಿಗೆ ಮೊದಲೇ ತಿಳಿಯುತ್ತಿತ್ತು. ಸತ್ತ ಕೆರೆಗೆ ಅಂಚೇಕೆ ಎನ್ನುವವರೂ ಇದ್ದಾರೆ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಹೆಸರು ಅಳಿದರೂ ಕಣಿವೆಯ ಇಳಿಜಾರು ಅಳಿಯದು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಮಹದೇವಪುರದ ಕಡೆ ಮನೆಗಳೊಳಗೆ ನೀರು ನಿಂತದ್ದು ಆ ಇಳಿಜಾರಿನ ಲೆಕ್ಕದಂತೆಯೇ.

ಈಚಿನ ಕಾನೂನೂ ಈ ಗೊಂದಲ ಬಿಡಿಸಿಲ್ಲ. 2015ನ್ನು ಗುರಿಯಾಗಿಟ್ಟ ನಗರದ ಮಹಾಯೋಜನೆ ಕೆರೆಯಿಂದ 30 ಮೀಟರ್ ಬಿಡಬೇಕೆಂದಿತು, 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು 75 ಮಾಡಿತು, 2019ರಲ್ಲಿ ಸುಪ್ರೀಂ ಕೋರ್ಟ್ ಆ ಹೆಚ್ಚಳವನ್ನು ರದ್ದುಪಡಿಸಿತು. ಕೇಂದ್ರದ 2017ರ ಜೌಗುಭೂಮಿ ನಿಯಮಗಳಂತೂ ನೀರಾವರಿಗೆಂದೇ ಜನ ಕಟ್ಟಿದ ಜಲಾಶಯಗಳನ್ನು ಹೊರಗಿಟ್ಟವು. ಬೆಂಗಳೂರು ಸೀಮೆಯ ಬಹುಪಾಲು ಕೆರೆಗಳು ಹುಟ್ಟಿದ್ದು ಅದಕ್ಕಾಗಿಯೇ. ವಾದವೆಲ್ಲ ಎಷ್ಟು ಮೀಟರ್ ಎಂಬುದರ ಸುತ್ತ ನಡೆಯಿತು, ಟೇಪು ಎಲ್ಲಿಂದ ಹಿಡಿಯಬೇಕು ಎಂಬುದು ಹಿಂದೆ ಬಿತ್ತು. ಸರ್ವೆ ಗೆರೆಯಿಂದ ಅಳೆದ 30 ಮೀಟರ್ ಒಂದು ಕಡೆ ಒಣ ದಿಣ್ಣೆಯ ಮೇಲೆ ಬೀಳಬಹುದು, ಇನ್ನೊಂದು ಕಡೆ ಕೋಡಿ ಮಟ್ಟಕ್ಕಿಂತ ಕೆಳಗೇ ಉಳಿಯಬಹುದು. ಕೋಡಿಯನ್ನೇ ಒಡೆದು ತಗ್ಗಿಸಿದರೆ ನೀರಿನ ಅಂಚೂ ಹಿಂದೆ ಸರಿದು ಹೊಸ ನಿವೇಶನಗಳಿಗೆ ಜಾಗವಾಗುತ್ತದೆ. ಆದ್ದರಿಂದ ಉಳಿದಿರುವ ಹಳೆಯ ಕೋಡಿಗಳ ಮಟ್ಟವನ್ನು ಈಗಲೇ ಅಳೆದು, ಗ್ರಾಮ ನಕಾಶೆಯ ಜೊತೆಗೇ ದಾಖಲೆಗೆ ಸೇರಿಸಬೇಕು.