ಕೌದಿಯೊಳಗಿನ ಇತಿಹಾಸ

ಸಹಕಾರದ ಇತಿಹಾಸ ಬರೆಯುವವರು ಸಾಮಾನ್ಯವಾಗಿ 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘದಿಂದ ಆರಂಭಿಸುತ್ತಾರೆ. ಅದು ಸರಿಯೇ. ಆದರೆ ಬೆಳ್ಳಿಹಬ್ಬದ ಈ ಸಂಚಿಕೆಗೆ ಬರೆಯಲು ಕುಳಿತಾಗ ನಮ್ಮ ಕಣ್ಣು ಹೋದದ್ದು ಮನೆಯಲ್ಲಿ ಮಡಚಿಟ್ಟಿದ್ದ ಹಳೆ ಕೌದಿಯ ಕಡೆ. ಇದಕ್ಕೆ ಠರಾವು ಪುಸ್ತಕ ಇಲ್ಲ, ಖಾತೆ ಕಿರ್ದಿ ಇಲ್ಲ, ಹೊಲಿದವರ ಸಹಿಯೂ ಇಲ್ಲ. ಆದರೂ ಇದೊಂದು ದಾಖಲೆಯೇ.

ಸುಗ್ಗಿ ಮುಗಿದು ಬಿಸಿಲು ಏರಿದ ದಿನಗಳಲ್ಲಿ ಅಕ್ಕಪಕ್ಕದ ಹೆಣ್ಣುಮಕ್ಕಳು ಪಡಸಾಲೆಯಲ್ಲಿ ಕೂಡುತ್ತಿದ್ದರು. ನೆಲಕ್ಕೆ ಹಳೆ ಸೀರೆ ಹಾಸಿ, ಅದರ ಮೇಲೆ ಸವೆದ ಧೋತರ, ಅಂಗಿಗಳನ್ನು ಪದರ ಪದರವಾಗಿ ಹರಡುವುದು. ಮೇಲಿನ ಪದರವೇ ತುಂಡುಗಳ ಕೆಲಸ. ಚೌಕ ತುಂಡನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡು ಮುಕ್ಕೋನ. ಬೇರೆ ಬೇರೆ ಬಣ್ಣದ ಎರಡು ಮುಕ್ಕೋನ ಕೂಡಿಸಿದರೆ ಮತ್ತೆ ಚೌಕ. ಅಂಥ ನಾಲ್ಕು ಚೌಕಗಳನ್ನು ತಿರುಗಿಸಿ ಇಟ್ಟಂತೆ ನಡುವೆ ಗಿರಗಿಟ್ಲೆಯೋ ವಜ್ರವೋ ಮೂಡುತ್ತದೆ. ಅಂಚನ್ನು ಒಳಮಡಚದಿದ್ದರೆ ಎಳೆ ಬಿಟ್ಟಿತೆಂದೇ ಲೆಕ್ಕ. ಆಮೇಲೆ ಎಲ್ಲ ಪದರ ಹಿಡಿಯುವಂತೆ ಸಾಲು ಹೊಲಿಗೆ. ಹೊಸ ಬಟ್ಟೆ ಯಾಕೆ ಬೇಡ? ಅದು ಬಿರುಸು, ಸೂಜಿ ಇಳಿಯೋದಿಲ್ಲ. ಮೊದಲ ಸಲ ನೀರಿಗೆ ಹಾಕಿದಾಗ ತಾನು ಕುಗ್ಗಿ ಸುತ್ತಲಿನ ತುಂಡನ್ನೂ ಸುಕ್ಕುಗಟ್ಟಿಸುತ್ತದೆ. ಬಡತನ ಒಂದೇ ಕಾರಣವಲ್ಲ ನೋಡ್ರಿ.

ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಜನಾಂಗದವರ ಕವಂದಿಯ ರೀತಿಯೇ ಬೇರೆ. ಒಂದು ಮೂಲೆಯಿಂದ ಆರಂಭಿಸಿ ಸುತ್ತು ಹಾಕುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ತುಂಡುಗಳ ‘ಫೂಲ’, ಅಂದರೆ ಹೂವು, ಕೂಡಿಸದೆ ಕವಂದಿ ಪೂರ್ತಿಯಾಗದು.

ಇನ್ನು ತುಂಡುಗಳ ಮಾತು. ಇಳಕಲ್ ಸೀರೆಯ ದಡಿ, ಗುಳೇದಗುಡ್ಡದ ಖಣ ಕಂಡರೆ ಕೈಮಗ್ಗದ ಕಾಲ ನೆನಪಾಗುತ್ತದೆ. ಮಹಾಯುದ್ಧದ ನಡುವೆ, 1943ರಲ್ಲಿ ಬಟ್ಟೆಯ ಮೇಲೆ ಕಂಟ್ರೋಲ್ ಬಂತು. ಅಂಥ ದಿನಗಳಲ್ಲಿ ಅಂಗೈ ಅಗಲದ ಚಿಂದಿಯನ್ನೂ ಯಾರು ಎಸೆದಾರು? 1976ರಲ್ಲಿ ಜನತಾ ಬಟ್ಟೆ ಯೋಜನೆ ಆರಂಭವಾಯಿತು. ಅದು ನಿಂತು ವರ್ಷಗಳಾದವು, ಜನತಾ ಸೀರೆಯ ಚೂರು ಮಾತ್ರ ಕೌದಿಯಲ್ಲಿ ಉಳಿದಿದೆ. ಕೊನೆಗೆ ಪಾಲಿಯೆಸ್ಟರ್ ಬಂತು. ಬೆವರು ಹೀರದು, ಸೂಜಿಗೆ ಜಾರುತ್ತದೆ. ಕೌದಿ ಕಡಿಮೆಯಾದದ್ದಕ್ಕೆ ಅಗ್ಗದ ಬ್ಲಾಂಕೆಟ್ ಒಂದನ್ನೇ ದೂರಬಾರದು ಅಂತ ನಮ್ಮ ಅಭಿಪ್ರಾಯ.

ನಮ್ಮ ಕೌದಿಯ ಒಂದು ಮೂಲೆಯಲ್ಲಿ ಹಸಿರು ಕುಪ್ಪಸದ ತುಂಡಿದೆ. ಅದು ಯಾರದೆಂದು ಅವ್ವನಿಗೆ ಗೊತ್ತಿತ್ತು. ಅವಳಿದ್ದಾಗ ನಾವು ಕೇಳಲಿಲ್ಲ, ಈಗ ಹೇಳುವವರಿಲ್ಲ. ನಿಮ್ಮ ಮನೆಗಳಲ್ಲಿ ಹಳೆ ಕೌದಿ ಇದ್ದು, ತುಂಡು ಗುರುತಿಸಬಲ್ಲ ಹಿರಿಯರಿದ್ದರೆ ದಯವಿಟ್ಟು ತಿಳಿಸಿ. ಒಂದು ನೋಟ್‌ಬುಕ್ ಹಿಡಿದು ನಾವೇ ಬರುತ್ತೇವೆ. ಹೊಲಿದವರ ಹೆಸರನ್ನು ಮೊದಲು ಬರೆದುಕೊಳ್ಳುತ್ತೇವೆ.