ಸ್ಪೈರಲ್ ಸ್ಕ್ರ್ಯಾಚ್

ಸ್ಪೈರಲ್ ಸ್ಕ್ರ್ಯಾಚ್ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಬಜ್‌ಕಾಕ್ಸ್ ಎಂಬ ಪಂಕ್ ರಾಕ್ ವಾದ್ಯವೃಂದದ ಮೊದಲ ಧ್ವನಿಮುದ್ರಿಕೆ. ನಾಲ್ಕು ಹಾಡುಗಳನ್ನು ಒಳಗೊಂಡ, ಏಳು ಅಂಗುಲದ ಈ ಇ.ಪಿ. 1977ರ ಜನವರಿ 29ರಂದು ಬಿಡುಗಡೆಯಾಯಿತು. ಆಗ ತಂಡಕ್ಕೆ ಯಾವ ಧ್ವನಿಮುದ್ರಣ ಸಂಸ್ಥೆಯೊಡನೆಯೂ ಒಪ್ಪಂದವಿರಲಿಲ್ಲ. ಸದಸ್ಯರು ಸಾಲ ತಂದ ಹಣದಿಂದ ಇದನ್ನು ಸಿದ್ಧಪಡಿಸಿ, ನ್ಯೂ ಹಾರ್ಮೋನ್ಸ್ ಎಂಬ ತಮ್ಮದೇ ಲಾಂಛನದಡಿ ಹೊರತಂದರು. ಬ್ರಿಟನ್ನಿನ ಪಂಕ್ ತಂಡವೊಂದು ತಾನೇ ಪ್ರಕಟಿಸಿದ ಮೊದಲ ಧ್ವನಿಮುದ್ರಿಕೆ ಎಂದು ಇದನ್ನು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ‘ಇಂಡೀ’ ಎಂದು ಕರೆಯಲಾಗುವ ಸ್ವತಂತ್ರ ಸಂಗೀತದ ಇತಿಹಾಸದಲ್ಲಿ ಇದಕ್ಕೆ ಮಹತ್ವದ ಸ್ಥಾನವಿದೆ.

ಹಿನ್ನೆಲೆ

ಹೊವರ್ಡ್ ಡಿವೋಟೊ ಮತ್ತು ಪೀಟ್ ಶೆಲ್ಲಿ ಪರಸ್ಪರ ಪರಿಚಿತರಾದದ್ದು ಬೋಲ್ಟನ್ನಿನ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಓದುತ್ತಿದ್ದಾಗ. 1976ರ ಫೆಬ್ರುವರಿಯಲ್ಲಿ ಸೆಕ್ಸ್ ಪಿಸ್ಟಲ್ಸ್ ತಂಡದ ಕುರಿತ ವಿಮರ್ಶೆಯೊಂದನ್ನು ಪತ್ರಿಕೆಯಲ್ಲಿ ಓದಿದ ಇವರು, ಅದರ ಕಾರ್ಯಕ್ರಮವನ್ನು ನೋಡಲು ದಕ್ಷಿಣ ಇಂಗ್ಲೆಂಡಿಗೆ ಪ್ರಯಾಣ ಬೆಳೆಸಿದರು. ಬಳಿಕ ಆ ತಂಡವನ್ನು ತಮ್ಮ ಊರಿಗೇ ಆಹ್ವಾನಿಸಿ, ಜೂನ್ 4ರಂದು ಮ್ಯಾಂಚೆಸ್ಟರಿನ ಲೆಸ್ಸರ್ ಫ್ರೀ ಟ್ರೇಡ್ ಹಾಲ್ ಸಭಾಂಗಣದಲ್ಲಿ ಕಾರ್ಯಕ್ರಮ ಏರ್ಪಡಿಸಿದರು. ಅಂದು ಸೇರಿದ್ದ ಪ್ರೇಕ್ಷಕರು ಬೆರಳೆಣಿಕೆಯಷ್ಟೇ ಆದರೂ ಅವರಲ್ಲಿ ಹಲವರು ಮುಂದೆ ಸ್ವತಃ ತಂಡಗಳನ್ನು ಕಟ್ಟಿದರು. ಬಜ್‌ಕಾಕ್ಸ್ ಆ ದಿನ ವೇದಿಕೆಯೇರುವಷ್ಟು ಸಿದ್ಧವಾಗಿರಲಿಲ್ಲ. ಜುಲೈ 20ರಂದು ಅದೇ ಸಭಾಂಗಣದಲ್ಲಿ ಸೆಕ್ಸ್ ಪಿಸ್ಟಲ್ಸ್ ಮತ್ತೆ ಹಾಡಿದಾಗ ಬಜ್‌ಕಾಕ್ಸ್ ಕೂಡ ಕಾರ್ಯಕ್ರಮ ನೀಡಿತು.

ಆ ಕಾಲದಲ್ಲಿ ಬ್ರಿಟನ್ನಿನ ದೊಡ್ಡ ಧ್ವನಿಮುದ್ರಣ ಸಂಸ್ಥೆಗಳ ಕಚೇರಿಗಳು ಲಂಡನ್ನಿನಲ್ಲಿದ್ದವು. ಬೇರೆ ಊರಿನ ತಂಡವು ಲಂಡನ್ನಿಗೆ ಹೋಗಿ ಅವುಗಳ ಒಪ್ಪಿಗೆಗಾಗಿ ಕಾಯುವುದು ವಾಡಿಕೆಯಾಗಿತ್ತು. ಬಜ್‌ಕಾಕ್ಸ್ ಹಾಗೆ ಕಾಯಲಿಲ್ಲ. ತಮ್ಮ ನಗರದ ಚಟುವಟಿಕೆಯೊಂದು ಕಣ್ಮರೆಯಾಗುವ ಮೊದಲು ಅದರ ದಾಖಲೆ ಉಳಿಯಬೇಕು, ಹಾಕಿದ ಹಣ ಹಿಂದಿರುಗಿದರೆ ಸಾಕು ಎಂಬುದಷ್ಟೇ ತಂಡದ ಮತ್ತು ಅದರ ವ್ಯವಸ್ಥಾಪಕ ರಿಚರ್ಡ್ ಬೂನ್ ಅವರ ನಿರೀಕ್ಷೆಯಾಗಿತ್ತು.

ಹಣ ಮತ್ತು ಧ್ವನಿಮುದ್ರಣ

ಇದಕ್ಕೆ ಬೇಕಾದ ಸುಮಾರು 500 ಪೌಂಡ್‌ಗಳನ್ನು ಬಂಧುಮಿತ್ರರಿಂದ ಸಾಲ ಪಡೆಯಲಾಯಿತು. ಸಾಲ ಕೊಟ್ಟವರಲ್ಲಿ ಶೆಲ್ಲಿಯವರ ತಂದೆಯೂ ಒಬ್ಬರು. 1976ರ ಡಿಸೆಂಬರ್ 28ರಂದು ಮ್ಯಾಂಚೆಸ್ಟರಿನ ಇಂಡಿಗೊ ಸೌಂಡ್ ಸ್ಟುಡಿಯೋದಲ್ಲಿ ನಾಲ್ಕು ಹಾಡುಗಳನ್ನೂ ಮುದ್ರಿಸಲಾಯಿತು. ಮುದ್ರಣಕ್ಕೆ ಸುಮಾರು ಮೂರು ಗಂಟೆ, ಧ್ವನಿಮಿಶ್ರಣಕ್ಕೆ ಎರಡು ಗಂಟೆ ಹಿಡಿಯಿತು. ಡಿವೋಟೊ ಹಾಡಿದರು; ಶೆಲ್ಲಿ ಗಿಟಾರ್, ಸ್ಟೀವ್ ಡಿಗಲ್ ಬೇಸ್ ಗಿಟಾರ್ ಮತ್ತು ಜಾನ್ ಮಾಹರ್ ಡ್ರಮ್ಸ್ ನುಡಿಸಿದರು. ನಿರ್ಮಾಣದ ಹೊಣೆ ಹೊತ್ತ ಮಾರ್ಟಿನ್ ಹ್ಯಾನೆಟ್ ಹೊದಿಕೆಯ ಮೇಲೆ ಮಾರ್ಟಿನ್ ಝೀರೋ ಎಂಬ ಹೆಸರಿನಲ್ಲಿ ಕಾಣಿಸಿಕೊಂಡಿದ್ದಾರೆ. ಇವರೇ ಮುಂದೆ ಜಾಯ್ ಡಿವಿಷನ್ ತಂಡದ ಧ್ವನಿಮುದ್ರಿಕೆಗಳ ನಿರ್ಮಾಪಕರಾಗಿ ಪ್ರಸಿದ್ಧರಾದರು.

ಹಾಡುಗಳು

* ಬ್ರೇಕ್‌ಡೌನ್
* ಟೈಮ್ಸ್ ಅಪ್
* ಬೋರ್‌ಡಮ್
* ಫ್ರೆಂಡ್ಸ್ ಆಫ್ ಮೈನ್

ಇವುಗಳಲ್ಲಿ ಬೋರ್‌ಡಮ್ ಹೆಚ್ಚು ಪರಿಚಿತವಾದುದು. ಎರಡೇ ಸ್ವರಗಳನ್ನು ಮತ್ತೆ ಮತ್ತೆ ನುಡಿಸುವ ಅದರ ಗಿಟಾರ್ ಭಾಗವು, ವಾದನ ಕೌಶಲವನ್ನು ಮೆರೆಸುವ ಅಂದಿನ ರಾಕ್ ಸಂಗೀತದ ರೂಢಿಗೆ ವ್ಯಂಗ್ಯದ ಉತ್ತರದಂತಿದೆ.

ಹೊದಿಕೆ

ಹೊದಿಕೆಯ ಚಿತ್ರವು ರಿಚರ್ಡ್ ಬೂನ್ ಪೋಲರಾಯ್ಡ್ ಕ್ಯಾಮೆರಾದಿಂದ ತೆಗೆದದ್ದು. ಮ್ಯಾಂಚೆಸ್ಟರಿನ ಪಿಕಾಡಿಲಿಯಲ್ಲಿರುವ ರಾಬರ್ಟ್ ಪೀಲ್ ಪ್ರತಿಮೆಯ ಬಳಿ ನಾಲ್ವರು ಸದಸ್ಯರೂ ಗುಂಪಾಗಿ ನಿಂತಿದ್ದಾರೆ. ಪ್ರತಿ ಹಾಡನ್ನು ಎಷ್ಟನೆಯ ಪ್ರಯತ್ನದಲ್ಲಿ ಮುದ್ರಿಸಲಾಯಿತು, ಬಳಿಕ ಗಿಟಾರ್ ಧ್ವನಿಯನ್ನು ಸೇರಿಸಲಾಯಿತೇ ಇಲ್ಲವೇ ಎಂಬ ವಿವರಗಳನ್ನೂ ಹೊದಿಕೆಯ ಮೇಲೆ ಅಚ್ಚು ಮಾಡಲಾಗಿತ್ತು. ಧ್ವನಿಮುದ್ರಣವೆಂಬುದು ತಜ್ಞರಿಗೆ ಮಾತ್ರ ಸಾಧ್ಯವಾದ ಗೂಢವಿದ್ಯೆಯಲ್ಲ ಎಂಬುದನ್ನು ಕೇಳುಗರಿಗೆ ಈ ವಿವರಗಳು ಮನವರಿಕೆ ಮಾಡಿಕೊಟ್ಟವು.

ಮಾರಾಟ

ಮೊದಲಿಗೆ 1,000 ಪ್ರತಿಗಳನ್ನು ಮಾತ್ರ ಅಚ್ಚು ಹಾಕಿಸಲಾಗಿತ್ತು. ಮ್ಯಾಂಚೆಸ್ಟರಿನ ಅಂಗಡಿಗಳು, ಲಂಡನ್ನಿನ ರಫ್ ಟ್ರೇಡ್ ಮಳಿಗೆ ಮತ್ತು ಅಂಚೆಯ ಮೂಲಕ ಅವು ಬೇಗನೆ ಖರ್ಚಾದವು. ಮರುಮುದ್ರಣಗಳೂ ಸೇರಿ ಒಟ್ಟು ಸುಮಾರು 16,000 ಪ್ರತಿಗಳು ಮಾರಾಟವಾದವು. 1979ರಲ್ಲಿ ಮತ್ತೆ ಬಿಡುಗಡೆಯಾದಾಗ ಇದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 31ನೆಯ ಸ್ಥಾನ ಪಡೆಯಿತು. 2017ರಲ್ಲಿ ಡೊಮಿನೊ ಸಂಸ್ಥೆಯು ನಲವತ್ತನೆಯ ವರ್ಷದ ನೆನಪಿಗಾಗಿ ಇದನ್ನು ಪುನಃ ಹೊರತಂದಿತು.

ನಂತರದ ಬೆಳವಣಿಗೆಗಳು

ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಡಿವೋಟೊ ತಂಡವನ್ನು ತೊರೆದು, ಬಳಿಕ ಮ್ಯಾಗಝೀನ್ ಎಂಬ ತಂಡವನ್ನು ಕಟ್ಟಿದರು. ಹಾಡುವ ಹೊಣೆ ಶೆಲ್ಲಿಯವರಿಗೆ ಬಂತು. ಡಿಗಲ್ ಬೇಸ್ ಬಿಟ್ಟು ಗಿಟಾರ್ ಹಿಡಿದರು. 1977ರ ಆಗಸ್ಟ್ 16ರಂದು ಬಜ್‌ಕಾಕ್ಸ್ ಯುನೈಟೆಡ್ ಆರ್ಟಿಸ್ಟ್ಸ್ ಎಂಬ ದೊಡ್ಡ ಸಂಸ್ಥೆಯೊಡನೆ ಒಪ್ಪಂದಕ್ಕೆ ಸಹಿ ಹಾಕಿತು. ಹೀಗೆ, ಸ್ವಂತ ಪ್ರಕಟಣೆಗೆ ಮಾದರಿಯಾದ ತಂಡವೇ ಏಳು ತಿಂಗಳೊಳಗೆ ಆ ದಾರಿಯನ್ನು ಬಿಟ್ಟಿತ್ತು. ಧ್ವನಿಮುದ್ರಿಕೆಯೊಂದನ್ನು ತಾವೇ ತಯಾರಿಸುವುದು ಅಲ್ಪ ಹಣದಲ್ಲಿ ಸಾಧ್ಯವಾಗಿತ್ತು. ಆದರೆ ಅದನ್ನು ದೇಶದ ಎಲ್ಲ ಅಂಗಡಿಗಳಿಗೂ ತಲುಪಿಸುವ ಸ್ವತಂತ್ರ ವ್ಯವಸ್ಥೆ ಇನ್ನೂ ರೂಪುಗೊಂಡಿರಲಿಲ್ಲ.

ಪ್ರಭಾವ

ಬಜ್‌ಕಾಕ್ಸ್ ಬಿಟ್ಟ ದಾರಿಯಲ್ಲಿ ಇತರರು ಮುಂದುವರಿದರು. 1977ರಲ್ಲಿಯೇ ಡೆಸ್ಪರೇಟ್ ಬೈಸಿಕಲ್ಸ್ ತಂಡವು ತನ್ನ ರೀಫಿಲ್ ಲಾಂಛನದಡಿ ಧ್ವನಿಮುದ್ರಿಕೆಗಳನ್ನು ಹೊರತಂದು, ಕೇಳುಗರೂ ಹಾಗೆಯೇ ಮಾಡಬೇಕೆಂದು ಪ್ರೇರೇಪಿಸಿತು. 1978ರಲ್ಲಿ ಸ್ಕ್ರಿಟ್ಟಿ ಪೊಲಿಟ್ಟಿ ತಂಡವು ತನ್ನ ಮೊದಲ ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ ತಯಾರಿಕೆಯ ಖರ್ಚಿನ ವಿವರವನ್ನೇ ಅಚ್ಚು ಹಾಕಿಸಿತು. ಅದೇ ವರ್ಷ ರಫ್ ಟ್ರೇಡ್ ಮಳಿಗೆಯು ತಾನೂ ಧ್ವನಿಮುದ್ರಿಕೆಗಳನ್ನು ಪ್ರಕಟಿಸತೊಡಗಿತು. ಮ್ಯಾಂಚೆಸ್ಟರಿನಲ್ಲಿ ಫ್ಯಾಕ್ಟರಿ ಸಂಸ್ಥೆ ಆರಂಭವಾಯಿತು. ಸ್ವತಂತ್ರ ಅಂಗಡಿಗಳು ಒಂದುಗೂಡಿ ವಿತರಣಾ ಜಾಲವನ್ನು ಕಟ್ಟಿಕೊಂಡವು. 1980ರಿಂದ ಬ್ರಿಟನ್ನಿನಲ್ಲಿ ಸ್ವತಂತ್ರ ಧ್ವನಿಮುದ್ರಿಕೆಗಳಿಗಾಗಿಯೇ ಪ್ರತ್ಯೇಕ ಜನಪ್ರಿಯತಾ ಪಟ್ಟಿ ಪ್ರಕಟವಾಗತೊಡಗಿತು.

ನ್ಯೂ ಹಾರ್ಮೋನ್ಸ್ ಲಾಂಛನವೂ ಮುಂದುವರಿದು, ಲೂಡಸ್ ಮೊದಲಾದ ತಂಡಗಳ ಧ್ವನಿಮುದ್ರಿಕೆಗಳನ್ನು ಹೊರತಂದಿತು. ಪೀಟ್ ಶೆಲ್ಲಿ 2018ರ ಡಿಸೆಂಬರಿನಲ್ಲಿ ನಿಧನರಾದರು.