ಬಿಗಿದ ಪಟಲದ ಅನುನಾದ: ಮೃದಂಗದ ಕರಣೆಯೂ ಸ್ಥಿರವಿದ್ಯುತ್ ಧ್ವನಿವರ್ಧಕವೂ

ತೊಗಲನ್ನಾಗಲಿ ತೆಳುವಾದ ಬೇರೊಂದು ಪಟಲವನ್ನಾಗಲಿ ಚೌಕಟ್ಟಿಗೆ ಬಿಗಿದರೆ ಅದಕ್ಕೆ ತನ್ನದೇ ಆದ ಒಂದು ಸ್ವರವು ಉಂಟಾಗುವುದು. ಬಿಗಿಯು ಹೆಚ್ಚಿದಂತೆ ಆ ಸ್ವರವು ಏರುವುದು. ಪಟಲದ ಭಾರವೂ ವಿಸ್ತಾರವೂ ಹೆಚ್ಚಿದಂತೆ ಇಳಿಯುವುದು. ಹೊರಗಿನಿಂದ ಬಂದ ಕಂಪನವು ಈ ಸ್ವರಕ್ಕೆ ಸಮನಾದಾಗ ಪಟಲವು ಮಿತಿಮೀರಿ ಮೊಳಗುವುದು. ಇದನ್ನು ಪ್ರಕೃತ ಲೇಖನದಲ್ಲಿ ಅನುನಾದವೆಂದು ಕರೆದಿದೆ. ಆಘಾತವು ನಿಂತ ಬಳಿಕವೂ ಉಳಿದು ಕ್ರಮವಾಗಿ ಕ್ಷೀಣಿಸುವ ಧ್ವನಿಯು ಅನುರಣನ. ಇದನ್ನೇ ದೃಷ್ಟಾಂತವಾಗಿ ಹಿಡಿದು ಆನಂದವರ್ಧನನು 9ನೆಯ ಶತಮಾನದಲ್ಲಿ ವ್ಯಂಗ್ಯಾರ್ಥದ ಒಂದು ಪ್ರಭೇದವನ್ನು ನಿರೂಪಿಸಿದನೆಂಬುದು ಅಲಂಕಾರಶಾಸ್ತ್ರಜ್ಞರಿಗೆ ವಿದಿತವೇ ಇದೆ. ಕನ್ನಡದಲ್ಲಿ ಈ ಎರಡು ಪದಗಳನ್ನೂ ಒಂದೇ ಅರ್ಥದಲ್ಲಿ ಬಳಸುವುದುಂಟು. ಆದರೆ ಅವು ಬೇರೆ ಬೇರೆ ಸಂಗತಿಗಳನ್ನು ಸೂಚಿಸುವುದರಿಂದ ಇಲ್ಲಿ ಬೇರೆಯಾಗಿಯೇ ಇಟ್ಟುಕೊಂಡಿದೆ.

ಈ ವಿಚಾರಕ್ಕೆ ಪ್ರೇರಕವಾದ ಸಂದರ್ಭವನ್ನು ಮೊದಲು ಹೇಳುವುದು ಯುಕ್ತ. ಕನಕಪುರ ರಸ್ತೆಯಲ್ಲಿದ್ದು ಈಗ ಬೆಂಗಳೂರು ನಗರದೊಳಗೆ ಸೇರಿಹೋಗಿರುವ ಜರಗನಹಳ್ಳಿಯಲ್ಲಿ ನಮ್ಮ ನೆರೆಯ ತರುಣನೊಬ್ಬನು ಮನೆಯಲ್ಲಿಯೇ ಸ್ಥಿರವಿದ್ಯುತ್ ಧ್ವನಿವರ್ಧಕವೊಂದನ್ನು ಕಟ್ಟಿದನು. ಕಛೇರಿಯೊಂದರ ಧ್ವನಿಮುದ್ರಿಕೆಯನ್ನು ಅದರಲ್ಲಿ ನುಡಿಸಿದಾಗ ಹಾಡು ಅತ್ಯಂತ ಸ್ಪಷ್ಟವಾಗಿ ಕೇಳಿಬಂದಿತು. ಆದರೆ ಮಂದ್ರದ ಒಂದೇ ಒಂದು ಸ್ವರವು ಬಂದಾಗಲೆಲ್ಲ ಯಂತ್ರವು ಡೋಲಿನಂತೆ ಗುಮ್ಮೆಂದಿತು. ಕರಣೆಯಿಲ್ಲದ ಮುಚ್ಚಿಗೆಯು ಹೀಗೆಯೇ ನುಡಿಯುವುದೆಂದು ನಾನು ಹೇಳಿದೆನು. ಹಾಗಾದರೆ ಅನುನಾದವನ್ನು ಹತೋಟಿಯಲ್ಲಿಡುವ ಈ ವಿದ್ಯೆಯೆಲ್ಲ ನಮ್ಮ ಪೂರ್ವಿಕರ ಗ್ರಂಥಗಳಲ್ಲಿ ಇದೆಯೇ ಎಂದು ಅವನು ಕೇಳಲು, ನಾನು ಹಿಂದುಮುಂದು ನೋಡದೆ ಅಹುದೆಂದುಬಿಟ್ಟೆನು. ಗ್ರಂಥಗಳನ್ನು ಮರಳಿ ನೋಡಿದ ಮೇಲೆ ಆ ಉತ್ತರವನ್ನು ತಿದ್ದಬೇಕೆಂದು ತೋರಿರುವುದರಿಂದ ಈ ಲೇಖನವನ್ನು ಬರೆದಿದ್ದೇನೆ.

ಮೊದಲು ಆ ಯಂತ್ರದ ಸ್ವರೂಪ. ರಂಧ್ರಗಳುಳ್ಳ ಎರಡು ಲೋಹದ ಫಲಕಗಳ ನಡುವೆ ಒಂದೆರಡು ಮಿಲಿಮೀಟರುಗಳ ಅಂತರವನ್ನು ಬಿಟ್ಟು, ಮಿಲಿಮೀಟರಿನ ಸುಮಾರು ನೂರರಲ್ಲೊಂದು ಭಾಗದಷ್ಟು ದಪ್ಪವಿರುವ ಪಾಲಿಯೆಸ್ಟರ್ ಹಾಳೆಯನ್ನು ಬಿಗಿಯುವರು. ಹಾಳೆಯ ಮೇಲೆ ವಿದ್ಯುತ್ತನ್ನು ಅತ್ಯಲ್ಪವಾಗಿ ಹರಿಯಗೊಡುವ ಲೇಪವಿರುವುದು. ಅದಕ್ಕೆ ಕೆಲವು ಸಾವಿರ ವೋಲ್ಟುಗಳ ಸ್ಥಿರವಿದ್ಯುತ್ತನ್ನು ಕೊಟ್ಟು, ಸಂಗೀತದ ವಿದ್ಯುತ್ತನ್ನು ಪರಿವರ್ತಕದ ಮೂಲಕ ಹೆಚ್ಚಿಸಿ ಫಲಕಗಳಿಗೆ ಹರಿಸಿದರೆ, ಒಂದು ಫಲಕವು ಹಾಳೆಯನ್ನು ಸೆಳೆಯುವಾಗ ಇನ್ನೊಂದು ತಳ್ಳುವುದು. ಹಾಳೆಯ ಚಲನೆಯಿಂದ ಗಾಳಿಯು ಕಂಪಿಸಿ ಧ್ವನಿಯಾಗುವುದು. ಇಂಗ್ಲೆಂಡಿನಲ್ಲಿ ಪೀಟರ್ ವಾಕರ್ ಎಂಬವರು ರೂಪಿಸಿದ ಕ್ವಾಡ್ ಯಂತ್ರವು 1957ರಲ್ಲಿ ಮಾರಾಟಕ್ಕೆ ಬಂದು ಈ ವಿಧಾನಕ್ಕೆ ಪ್ರಸಿದ್ಧಿಯನ್ನು ತಂದಿತು. ಇದನ್ನು ಮನೆಯಲ್ಲಿ ಕಟ್ಟುವವರು ವಿದ್ಯುತ್ತಿನ ವಿಷಯದಲ್ಲಿ ಬಹಳ ಎಚ್ಚರದಿಂದಿರಬೇಕು; ಪ್ರಾಣಾಪಾಯಕ್ಕೆ ಅವಕಾಶವುಂಟು.

ಇಲ್ಲಿನ ಕಷ್ಟವೆಲ್ಲ ಬಿಗಿಯಲ್ಲಿದೆ. ಬಿಗಿಯು ಸಾಲದಿದ್ದರೆ ವಿದ್ಯುದಾಕರ್ಷಣೆಯು ಹಾಳೆಯನ್ನು ಫಲಕಕ್ಕೆ ಸೆಳೆದು ಅಂಟಿಸಿಬಿಡುವುದು. ಹೆಚ್ಚಾದರೆ ಅನುನಾದದ ಸ್ವರವು ಮೇಲೇರಿ, ಅದಕ್ಕಿಂತ ಕೆಳಗಿನ ಮಂದ್ರಸ್ವರಗಳು ಕುಗ್ಗಿಹೋಗುವುವು. ಹಾಳೆಯು ಬಹು ಹಗುರವಾದುದರಿಂದ ಮೇಲಿನ ಸ್ವರಗಳಲ್ಲಿ ಸುತ್ತಣ ಗಾಳಿಯೇ ಅದನ್ನು ಅಂಕೆಯಲ್ಲಿಡುವುದು; ಕೆಳಗಿನ ಸ್ವರಗಳಲ್ಲಿ ಗಾಳಿಯ ಈ ತಡೆಯು ಸಾಲದೆ ಅನುನಾದವು ತಲೆಯೆತ್ತುವುದು.

ಇನ್ನು ಗ್ರಂಥಗಳನ್ನು ನೋಡೋಣ. ನಾಟ್ಯಶಾಸ್ತ್ರದ ಪುಷ್ಕರವಾದ್ಯ ಪ್ರಕರಣದಲ್ಲಿ ಸ್ವಾತಿಯೆಂಬ ಮುನಿಯು ಕೊಳದ ತಾವರೆಯೆಲೆಗಳ ಮೇಲೆ ಮಳೆಹನಿಗಳು ಬೀಳುವಾಗ ಹಿರಿಯ, ನಡುವಣ, ಕಿರಿಯ ಎಲೆಗಳಿಂದ ಬೇರೆ ಬೇರೆ ನಾದಗಳು ಹೊರಡುವುದನ್ನು ಕೇಳಿ ಪುಷ್ಕರವಾದ್ಯಗಳನ್ನು ಕಲ್ಪಿಸಿದ ಕಥೆಯಿದೆ. ಪಟಲದ ವಿಸ್ತಾರಕ್ಕೂ ಸ್ವರಕ್ಕೂ ಇರುವ ಸಂಬಂಧವು ಈ ಕಥೆಯಲ್ಲಿ ಅಡಕವಾಗಿದೆ. ಮುಂದೆ ಮಾರ್ಜನೆಯೆಂಬ ಶ್ರುತಿಕ್ರಮವನ್ನು ಹೇಳುವಾಗ, ನದೀತೀರದ ಕಪ್ಪಾದ ನುಣುಪು ಮಣ್ಣನ್ನು ತೊಗಲಿಗೆ ಲೇಪಿಸಬೇಕೆಂದೂ, ಅದು ದೊರೆಯದಿದ್ದರೆ ಗೋಧಿ ಅಥವಾ ಯವೆಯ ಹಿಟ್ಟನ್ನು ಬಳಸಬಹುದೆಂದೂ ವಿಧಿಸಿದೆ. 13ನೆಯ ಶತಮಾನದಲ್ಲಿ ದೇವಗಿರಿಯ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಅನ್ನಕ್ಕೆ ಬೂದಿಯನ್ನು ಸೇರಿಸಿ ಮರ್ದಿಸಿ ಮಾಡುವ ಬೋಹಣವೆಂಬ ಲೇಪವನ್ನು ಹೇಳಿದ್ದಾನೆ. 15ನೆಯ ಶತಮಾನದ ವಿಜಯನಗರದಲ್ಲಿ ಕಲ್ಲಿನಾಥನು ಈ ಗ್ರಂಥಕ್ಕೆ ವ್ಯಾಖ್ಯಾನವನ್ನು ಬರೆದುದರಿಂದ ಇದರ ಪಾಠಪರಂಪರೆಯು ಕನ್ನಡ ನಾಡಿನಲ್ಲಿಯೂ ನಿಂತಿತು.

ಇವುಗಳಿಂದ ಸಿದ್ಧವಾಗುವುದೇನು? ಭಾರವನ್ನು ಹೊರಿಸಿ ತೊಗಲಿನ ನಾದವನ್ನು ತಿದ್ದುವ ರೂಢಿಯು ಪ್ರಾಚೀನವೆಂಬುದು ನಿಸ್ಸಂದೇಹ. ಆದರೆ ಭರತನ ಮಣ್ಣೂ ಶಾರ್ಙ್ಗದೇವನ ಬೋಹಣವೂ ಮೆತ್ತನೆಯ ಲೇಪಗಳು. ಇಂದಿನ ಮೃದಂಗದ ಬಲದ ಮುಚ್ಚಿಗೆಯ ಕರಣೆಯಾದರೋ ಕಬ್ಬಿಣದಂಶವುಳ್ಳ ಕರಿಯ ಕಲ್ಲಿನ ಪುಡಿಯನ್ನು ಅನ್ನದೊಡನೆ ಅರೆದು, ತೆಳುವಾದ ಪದರವನ್ನು ಹಚ್ಚಿ, ಕಲ್ಲಿನಿಂದ ತಿಕ್ಕಿ, ಆರಿದ ಮೇಲೆ ಮತ್ತೊಂದು ಪದರವನ್ನು ಹಚ್ಚಿ, ಹೀಗೆ ಅನೇಕ ಆವೃತ್ತಿಗಳಿಂದ ಗಟ್ಟಿಯಾಗಿಸಿದುದು. ಎಡಗಡೆಗೆ ಕಛೇರಿಯ ಮುನ್ನ ಮೆತ್ತುವ ರವೆಯ ಕಣಕವು ಮಾತ್ರ ಹಳೆಯ ಮಾರ್ಜನೆಗೆ ಸಮೀಪವಾಗಿದೆ. ಇದಲ್ಲದೆ ಶಾಸ್ತ್ರದಲ್ಲಿ ಲೇಪಕ್ಕೆ ಹೇಳಿರುವ ಪ್ರಯೋಜನವು ಸ್ವರಸ್ಥಾಪನೆ. ಲೇಪದಿಂದ ಒಂದೇ ತೊಗಲಿನ ಹಲವು ಉಪಸ್ವರಗಳು ಹೇಗೆ ಹೊಂದುವುವೆಂಬ ವಿಚಾರವಲ್ಲ.

ಆ ವಿಚಾರವನ್ನು ಮೊದಲು ಬಿಡಿಸಿದವರು ಸರ್ ಸಿ. ವಿ. ರಾಮನ್ ಅವರು. ಸಮನಾದ ದಪ್ಪವಿರುವ ವೃತ್ತಾಕಾರದ ತೊಗಲಿನ ಮೂಲಸ್ವರವನ್ನು 1 ಎಂದಿಟ್ಟುಕೊಂಡರೆ ಉಪಸ್ವರಗಳು 1.59, 2.14, 2.30 ಎಂಬ ಪ್ರಮಾಣಗಳಲ್ಲಿ ಬರುವುವು. ತಂತಿಯಲ್ಲಿರುವಂತೆ 2, 3, 4 ಎಂದು ಬರುವುದಿಲ್ಲ. ಆದುದರಿಂದಲೇ ಸಾಧಾರಣ ನಗಾರಿಯು ಸ್ವರಕ್ಕಿಂತ ಸದ್ದನ್ನೇ ಹೆಚ್ಚಾಗಿ ಕೊಡುವುದು. ಮೃದಂಗ ತಬಲಗಳಲ್ಲಿ ಉಪಸ್ವರಗಳು ಪೂರ್ಣಾಂಕಗಳಿಗೆ ಹೊಂದುವುವೆಂಬುದನ್ನು ರಾಮನ್ ಅವರು ಕಲ್ಕತ್ತೆಯಲ್ಲಿದ್ದಾಗ ಶಿವಕಾಲಿ ಕುಮಾರರೊಡನೆ 1920ರಲ್ಲಿ ನೇಚರ್ ಪತ್ರಿಕೆಯಲ್ಲಿ ತಿಳಿಸಿದರು. 1933ರಲ್ಲಿ ಬೆಂಗಳೂರಿಗೆ ಬಂದ ಮೇಲೆ, ಇಲ್ಲಿಯೇ 1934ರಲ್ಲಿ ತಾವು ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯ ಮೊದಲನೆಯ ಸಂಪುಟದಲ್ಲಿ ಇದನ್ನು ವಿಸ್ತರಿಸಿದರು. ತೊಗಲಿನ ಮೇಲೆ ಸಣ್ಣ ಮರಳನ್ನು ಚೆಲ್ಲಿ ಬಾರಿಸಿದರೆ ಅದು ಕಂಪಿಸದ ರೇಖೆಗಳಲ್ಲಿ ಕೂಡಿಕೊಳ್ಳುವುದು. ಹೀಗೆ ಪರೀಕ್ಷಿಸಿ, ಮೊದಲ ಒಂಬತ್ತು ಕಂಪನವಿಧಗಳು ಕರಣೆಯ ಭಾರದಿಂದಾಗಿ ಐದೇ ಸ್ವರಗಳಲ್ಲಿ ಗುಂಪುಗೂಡುವುದನ್ನು ಅವರು ತೋರಿಸಿದರು. ವಾದಕನು ಅನಾಮಿಕೆಯನ್ನು ತೊಗಲಿಗೆ ಹಗುರವಾಗಿ ತಾಗಿಸಿ ಮೀಟುವುದು ಬೇಡವಾದ ಕಂಪನವಿಧವನ್ನು ಅಡಗಿಸುವುದಕ್ಕಾಗಿಯೇ. 1954ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿ. ಎಸ್. ರಾಮಕೃಷ್ಣ ಮತ್ತು ಮನಮೋಹನ ಸೋಂಧಿಯವರು, ನಡುವೆ ಭಾರವಾಗಿಯೂ ಅಂಚಿನಲ್ಲಿ ಹಗುರವಾಗಿಯೂ ಇರುವ ಸಂಯುಕ್ತಪಟಲವೆಂದು ಇದನ್ನು ಭಾವಿಸಿ ಗಣಿತದಿಂದ ಸಮರ್ಥಿಸಿದರು.

ಈಗ ಧ್ವನಿವರ್ಧಕಕ್ಕೆ ಹಿಂದಿರುಗೋಣ. ಎರಡು ಕಡೆಗಳಲ್ಲಿಯೂ ಉಪಾಯಗಳು ಮೂರೇ: ಬಿಗಿ, ಭಾರ, ತಡೆ. ಉದ್ದೇಶವು ಮಾತ್ರ ವಿರುದ್ಧ. ಮೃದಂಗದ ತೊಗಲು ತನ್ನ ಸ್ವರವನ್ನು ಶುದ್ಧವಾಗಿ ನುಡಿಯಬೇಕು. ಧ್ವನಿವರ್ಧಕದ ಹಾಳೆಯು ತನ್ನ ಸ್ವರವನ್ನು ಮರೆತು ಪರರ ಸ್ವರವನ್ನು ನುಡಿಯಬೇಕು. ಹಾಳೆಗೆ ಕರಣೆಯನ್ನು ಹಚ್ಚಿದರೆ ಅದರ ಲಾಘವವೆಂಬ ಗುಣವೇ ಕೆಡುವುದು. ಆದುದರಿಂದ ನಮ್ಮ ತರುಣನು ಹಾಳೆಗೆ ಆಸರೆಯಾಗಿ ನಿಲ್ಲುವ ಪಟ್ಟಿಗಳನ್ನು ಸಮಾನವಲ್ಲದ ಅಂತರಗಳಲ್ಲಿ ಇರಿಸಿದನು. ಒಂದೇ ಸ್ವರದಲ್ಲಿ ಒಟ್ಟುಗೂಡುತ್ತಿದ್ದ ಅನುನಾದವು ಹಲವು ಸಣ್ಣ ಸ್ವರಗಳಲ್ಲಿ ಹಂಚಿಹೋಯಿತು. ಬಳಿಕ ಫಲಕದ ಹಿಂಬದಿಯ ರಂಧ್ರಗಳಿಗೆ ಒತ್ತಾಗಿ ನೆಯ್ದ ತೆಳುವಾದ ರೇಷ್ಮೆಯನ್ನು ಅಂಟಿಸಲು, ಗಾಳಿಯ ಓಡಾಟಕ್ಕೆ ತಡೆಯುಂಟಾಗಿ ಉಳಿದ ಗುಮ್ಮೆಂಬ ಧ್ವನಿಯೂ ಬಹುಮಟ್ಟಿಗೆ ಅಡಗಿತು. ವಾದಕನ ಅನಾಮಿಕೆಯ ಕೆಲಸವನ್ನು ಇಲ್ಲಿ ರೇಷ್ಮೆಯು ಮಾಡಿತೆನ್ನಬಹುದು.

ಹೀಗಿರಲು ನಮ್ಮ ಗ್ರಂಥಗಳಲ್ಲಿ ಎಲ್ಲವೂ ಇದೆಯೆಂಬ ನನ್ನ ಮೊದಲಿನ ಉತ್ತರವು ಸಾಧುವಲ್ಲ. ಇದರಿಂದ ನಮ್ಮವರಲ್ಲಿ ಏನೂ ಇರಲಿಲ್ಲವೆಂದು ತಿಳಿಯುವುದು ಅದಕ್ಕಿಂತಲೂ ಅಸಾಧು. ವಿದ್ಯೆಯು ಇದ್ದಿತು, ಆದರೆ ಅದು ಇದ್ದುದು ತಾಳೆಗರಿಯಲ್ಲಿ ಅಲ್ಲ, ಮುಚ್ಚಿಗೆ ಹಾಕುವವರ ಕಿವಿಯಲ್ಲಿಯೂ ಬೆರಳಿನಲ್ಲಿಯೂ. ಪದರ ಪದರಕ್ಕೆ ನುಡಿಸಿ ನೋಡಿ ಎಲ್ಲಿ ನಿಲ್ಲಿಸಬೇಕೆಂಬುದನ್ನು ಅವರು ಗಣಿತವಿಲ್ಲದೆ ಕಂಡುಕೊಂಡರು. ತೊಗಲನ್ನು ಮುಟ್ಟುವ ಕುಲಗಳಿಗೆ ಸೇರಿದವರೆಂಬ ಕಾರಣದಿಂದ ಅವರ ಹೆಸರುಗಳು ಲಕ್ಷಣಗ್ರಂಥಗಳಲ್ಲಿ ಸೇರಲಿಲ್ಲ. ಟಿ. ಎಂ. ಕೃಷ್ಣ ಅವರು ಮೃದಂಗ ತಯಾರಕರನ್ನು ಕುರಿತು 2020ರಲ್ಲಿ ಒಂದು ಇಂಗ್ಲಿಷ್ ಗ್ರಂಥವನ್ನೇ ಪ್ರಕಟಿಸಿದ್ದಾರೆ. ಕನ್ನಡ ನಾಡಿನ ಮುಚ್ಚಿಗೆಯವರ ಮಾತುಗಳನ್ನೂ ಅವರ ವೃತ್ತಿಪದಗಳನ್ನೂ ಅವರ ಬಾಯಿಂದಲೇ ಕೇಳಿ ಬರೆದಿಡುವ ಕಾರ್ಯವು ವಿದ್ವಾಂಸರಿಂದಲೂ ಕನ್ನಡ ಅಧ್ಯಾಪಕರಿಂದಲೂ ಆಗಬೇಕಾಗಿದೆ. ತರುಣನಿಗೆ ತಿದ್ದಿದ ಉತ್ತರವನ್ನು ಹೇಳಿ, ಅಂಥ ಒಬ್ಬರಲ್ಲಿಗೆ ಅವನನ್ನು ಕರೆದೊಯ್ಯುವುದಾಗಿ ನಾನು ಮಾತು ಕೊಟ್ಟಿದ್ದೇನೆ.